ಮೊದಲು ಕೆತ್ತುವ ಪದ

ಅಪ್ಪ ಸತ್ತವರ ಹೆಸರು ಕೆತ್ತುತ್ತಾನೆ. ನಾನೂ ಅದನ್ನೇ ಮಾಡುತ್ತೇನೆ. ಸಮಾಧಿ ಕಲ್ಲಿನ ಕೆಲಸಕ್ಕೆ ಊರಿಗೆಲ್ಲ ಇರುವುದು ನಮ್ಮ ಅಂಗಡಿ ಒಂದೇ. ಹಾಗಾಗಿ ಚರ್ಚಿನವರೂ ನಮ್ಮಲ್ಲಿಗೇ ಬರುತ್ತಾರೆ, ಮಸೀದಿಯವರೂ ನಮ್ಮಲ್ಲಿಗೇ ಬರುತ್ತಾರೆ. ಬಾಗಿಲಿನಿಂದ ಒಳಗೆ ಬಂದರೆ ಎಡಗಡೆ ಗೋಡೆಗೆ ಒರಗಿಸಿಟ್ಟಿದ್ದು ಚರ್ಚಿನವರ ಕಲ್ಲು, ಬಲಗಡೆ ಗೋಡೆಗೆ ಒರಗಿಸಿಟ್ಟಿದ್ದು ಮಸೀದಿಯವರದು. ನಡುವೆ ಒಂದು ಮರದ ದಿಮ್ಮಿ, ಅದರ ಮುಂದೆ ಅಪ್ಪ. ನಾವು ಎಡಗಡೆ ಗೋಡೆಯವರು.

ಕಲ್ಲು ಕೆತ್ತಿಸಲು ಬಂದವರು ಅಳುತ್ತಾರೆ, ಮೂಗು ಒರೆಸಿಕೊಳ್ಳುತ್ತಾರೆ, ಆಮೇಲೆ ಸಮಾಧಾನಕ್ಕೆ ಒಂದು ಮಾತು ಹೇಳುತ್ತಾರೆ. ‘ಏನ್ ಮಾಡೋದು, ಎಲ್ಲ ನೋಡ್ಕೊಳ್ಳೋಕೆ ದೇವರು ಒಬ್ಬ ಇದ್ದಾನಲ್ಲ.’ ಎಡಗಡೆಯವರೂ ಒಬ್ಬ ಅನ್ನುತ್ತಾರೆ, ಬಲಗಡೆಯವರೂ ಒಬ್ಬ ಅನ್ನುತ್ತಾರೆ. ನಾನು ಏಳನೇ ಕ್ಲಾಸಿನಲ್ಲಿ ಮೇಷ್ಟ್ರ ಜತೆ ಜಗಳವಾಡಿ ಶಾಲೆ ಬಿಟ್ಟವನು, ನನ್ನ ಲೆಕ್ಕ ಅಷ್ಟಕ್ಕಷ್ಟೇ. ಆದರೂ ಇವರ ಒಬ್ಬ, ಅವರ ಒಬ್ಬ ಸೇರಿಸಿದರೆ ಎರಡು ಹೇಗಾಯಿತು ಅಂತ ನನಗೆ ಇವತ್ತಿಗೂ ತಿಳಿದಿಲ್ಲ. ಓದಿದವರನ್ನು ಕೇಳಿ ನೋಡಿದೆ. ಅವರಿಗೂ ತಿಳಿದಿಲ್ಲ. ಒಪ್ಪಿಕೊಳ್ಳುವುದಿಲ್ಲ, ಅಷ್ಟೇ.

ಅಪ್ಪನ ಕೆಲಸದ ಎರಡು ರೀತಿಗಳನ್ನು ಮೊದಲೇ ಹೇಳಿಬಿಡಬೇಕು.

ಒಂದು, ಕೆತ್ತುವಾಗ ಅಪ್ಪನ ತುಟಿಗಳ ನಡುವೆ ಪೆನ್ಸಿಲ್ ಇರುತ್ತದೆ. ಗೆರೆ ಸರಿಮಾಡಲು ಬೇಕಾಗುತ್ತದೆ ಅಂತ ಹಾಗೆ ಕಚ್ಚಿಕೊಂಡು ಕೂರುತ್ತಾನೆ. ಪೆನ್ಸಿಲ್ ಬಾಯಲ್ಲಿದ್ದಷ್ಟು ಹೊತ್ತು ಮನೆಗೆ ಬೆಂಕಿ ಬಿದ್ದರೂ ಮಾತಿಲ್ಲ. ಹೇಳುವುದೇನಾದರೂ ಇದ್ದರೆ ಉಳಿ ಕೆಳಗಿಟ್ಟು, ಪೆನ್ಸಿಲ್ ತೆಗೆದು ಬಲಗಿವಿಯ ಮೇಲೆ ಸಿಕ್ಕಿಸಿ, ಆಮೇಲೆ ಮಾತಾಡುತ್ತಾನೆ. ಚಿಕ್ಕಂದಿನಲ್ಲಿ ನಾನೂ ಅಕ್ಕನೂ ಏನಾದರೂ ಕೇಳಿ ಆ ಪೆನ್ಸಿಲ್ಲನ್ನೇ ನೋಡುತ್ತ ನಿಲ್ಲುತ್ತಿದ್ದೆವು. ಅದು ಕಿವಿಗೆ ಹೊರಟಿತು ಅಂದರೆ ಅಕ್ಕ ನನ್ನ ಕೈ ಹಿಂಡಿ, ‘ಬಂತು ಬಂತು’ ಅನ್ನುತ್ತಿದ್ದಳು.

ಎರಡನೆಯದು, ಚರ್ಚಿನವರ ಕಲ್ಲಿನಲ್ಲಿ ಅಪ್ಪ ಮೊದಲು ಕೆತ್ತುವುದು ‘ದೇವರು’ ಅನ್ನುವ ಪದ. ಅದು ಸಾಲಿನ ಮಧ್ಯದಲ್ಲಿರಲಿ, ಕೊನೆಯಲ್ಲಿರಲಿ, ಅಳತೆ ಮಾಡಿ, ಸುತ್ತ ಜಾಗ ಬಿಟ್ಟು, ಅದನ್ನೇ ಮೊದಲು. ಅದಕ್ಕೆ ಮುಂಚೆ ಉಳಿಯನ್ನು ಸಾಣೆಗೆ ಹಿಡಿಯುತ್ತಾನೆ. ‘ಕಲ್ಲಿನೊಳಗೆ ಬಿರುಕು ಇದ್ರೆ ಆ ಪದಕ್ಕೇ ಗೊತ್ತಾಗಿಬಿಡಲಿ. ಸತ್ತವರ ಹೆಸರು ಕೆತ್ತಿ ಆದ್ಮೇಲೆ ಒಡೆಯೋದು ಬೇಡ. ಒಡೆಸಿಕೊಳ್ಳೋ ಶಕ್ತಿ ಅವನಿಗಿದೆ, ಅವರಿಗಿಲ್ಲ’ ಅನ್ನುತ್ತಾನೆ. ಬಲಗಡೆ ಗೋಡೆಯ ಕಲ್ಲಿಗೆ ಇದ್ಯಾವುದೂ ಇಲ್ಲ. ಅವರ ಲಿಪಿ ಅಪ್ಪನಿಗೆ ಓದಲು ಬರುವುದಿಲ್ಲ. ಅವರು ಕಾಗದದಲ್ಲಿ ಬರೆದು ತರುತ್ತಾರೆ, ನಾವು ಅದನ್ನು ಕಲ್ಲಿಗೆ ಅಂಟಿಸಿ ಗುರುತು ಇಳಿಸಿಕೊಳ್ಳುತ್ತೇವೆ, ಅಪ್ಪ ಒಂದು ತುದಿಯಿಂದ ಶುರು ಮಾಡಿ ಇನ್ನೊಂದು ತುದಿಗೆ ಮುಗಿಸುತ್ತಾನೆ, ಗೋಡೆಗೆ ಸುಣ್ಣ ಹೊಡೆದ ಹಾಗೆ. ಅಚ್ಚುಕಟ್ಟಾಗಿಯೇ ಇರುತ್ತದೆ. ಆದರೆ ಸಾಣೆ ಇಲ್ಲ.

ಅಮ್ಮ ಹೋದಾಗ ನನಗೆ ನಾಲ್ಕು ವರ್ಷ, ಅಕ್ಕನಿಗೆ ಹನ್ನೆರಡು. ನನಗೆ ಅಮ್ಮನ ಮುಖ ನೆನಪಿಲ್ಲ, ಅಕ್ಕನ ಕೈ ನೆನಪಿದೆ. ಸ್ನಾನ ಮಾಡಿಸಿದ್ದು, ತಲೆ ಬಾಚಿದ್ದು, ಶಾಲೆ ಬಿಟ್ಟಾಗ ಕೆನ್ನೆಗೆ ಎರಡು ಬಾರಿಸಿ ಆಮೇಲೆ ತಾನೇ ಅತ್ತಿದ್ದು, ಎಲ್ಲ ಅವಳೇ. ನನಗೆ ‘ಸಿಡುಕ’ ಅಂತ ಹೆಸರಿಟ್ಟಿದ್ದೂ ಅವಳೇ. ದೊಡ್ಡವಳಾಗಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಕೆಲಸಕ್ಕೆ ಸೇರಿದಳು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಭಾವ ಕೈ ಸುಟ್ಟುಕೊಂಡು ಅಲ್ಲಿ ಹತ್ತು ದಿನ ಮಲಗಿದ್ದ. ಇವಳು ಚಾದರ ಬದಲಾಯಿಸುವ ನೆಪದಲ್ಲಿ ದಿನಕ್ಕೆ ಮೂರು ಸಲ ಹೋದಳಂತೆ. ‘ಊರಲ್ಲಿ ಅಷ್ಟು ಶುದ್ಧವಾದ ಹಾಸಿಗೆ ಮೇಲೆ ಮಲಗಿದ್ದ ರೋಗಿ ನಾನೊಬ್ಬನೇ’ ಅಂತ ಭಾವ ನಗುತ್ತಿದ್ದ. ಭಾವ ಬಲಗಡೆ ಗೋಡೆಯವನು.

ಮದುವೆಯಾದರು. ಹೆಸರು ಬದಲಾಯಿಸು ಅಂತ ಭಾವ ಕೇಳಲಿಲ್ಲ, ಪ್ರಾರ್ಥನೆ ಬದಲಾಯಿಸು ಅಂತಲೂ ಕೇಳಲಿಲ್ಲ. ಹೆಸರು ಹಾಗೇ ಉಳಿಯಿತು. ಪ್ರಾರ್ಥನೆಯನ್ನು ಅಕ್ಕ ತಾನಾಗಿಯೇ ಅವರ ರೀತಿಯಲ್ಲಿ ಶುರು ಮಾಡಿದಳು. ಅಪ್ಪನಿಗೆ ಹೊಟ್ಟೆಗೆ ಬಿದ್ದ ಪೆಟ್ಟು ಅದೇ. ಅವತ್ತಿನಿಂದ ‘ನನಗೆ ಮಗಳಿಲ್ಲ’ ಅಂದ. ಆರು ವರ್ಷ. ಅಕ್ಕನ ಮನೆ ನಮ್ಮ ಅಂಗಡಿಯಿಂದ ಮೂರು ಬೀದಿ ಆಚೆ.

ನಾನು ಹೋಗುತ್ತಿದ್ದೆ. ಡಿಪೋಗೂ ಹೋಗುತ್ತಿದ್ದೆ. ಒಂದು ಮಧ್ಯಾಹ್ನ ಭಾವ ಧೂಳು ಹಿಡಿದ ಬಸ್ಸಿನ ಗಾಜಿನ ಮೇಲೆ ಬೆರಳಲ್ಲಿ ಬರೆದು, ‘ಇದು ದೇವರು ಅನ್ನೋ ಪದ, ಇದು ನಿಮ್ಮಕ್ಕನ ಹೆಸರು. ಇವೆರಡು ಕಲಿತ್ರೆ ಸಾಕು ನಿನಗೆ’ ಅಂದ. ನಾನು ಕಲಿತಿದ್ದು ಅವೆರಡೇ.

ಅಕ್ಕನಿಗೆ ರಕ್ತದ ಕಾಯಿಲೆ ಅಂತ ಗೊತ್ತಾಗುವಷ್ಟರಲ್ಲಿ ಕೈ ಮೀರಿತ್ತು. ತಾನು ಇಸ್ತ್ರಿ ಮಾಡುತ್ತಿದ್ದ ಆಸ್ಪತ್ರೆಯಲ್ಲೇ ಅಕ್ಕ ಮಲಗಿದಳು. ಒಂದು ವಾರ, ಹೆಚ್ಚೆಂದರೆ ಹತ್ತು ದಿನ ಅಂದರು ಡಾಕ್ಟರು. ನಾನು ಹೋದಾಗ ಅವಳು ಚಾದರದ ಅಂಚು ಹಿಡಿದು ನೋಡುತ್ತಿದ್ದಳು.

“ನೋಡೋ ಇದನ್ನ. ಯಾರೋ ಹೊಸಬಳು. ಮೂಲೆಗೆ ಮೂಲೆ ಕೂಡಿಸಿಲ್ಲ.”

“ಅಕ್ಕಾ, ಸುಮ್ನೆ ಮಲ್ಕೋ.”

“ಮಲಗೋದೇ ಇದೆ ಬಿಡು ಇನ್ನು.” ನನ್ನ ಮುಖ ನೋಡಿ, “ಏ ಸಿಡುಕಾ, ಅಳಬೇಡ. ನಿನ್ನ ಹತ್ರ ಒಂದು ಕೆಲಸ ಇದೆ. ಅಪ್ಪನ ಹತ್ರ ಹೋಗಿ ಒಂದು ಮಾತು ಕೇಳ್ಕೊಂಡು ಬರಬೇಕು” ಅಂದಳು.

“ಬಂದು ನೋಡು ಅಂತ ಹೇಳ್ತೀನಿ.”

“ಬರೋದು ಬೇಡ. ಬಂದ್ರೆ ನಾನು ಅಳ್ತೀನಿ, ಅವನು ಬಾಗಿಲ ಹತ್ರ ನಿಂತ್ಕೊಂಡು ಗೋಡೆ ನೋಡ್ತಾನೆ, ನರ್ಸಮ್ಮನಿಗೆ ತೊಂದರೆ. ಒಂದು ಪ್ರಶ್ನೆ ಅಷ್ಟೇ. ನಾನು ಈಗ ಬೇಡ್ಕೊಳ್ಳೋದು, ಚಿಕ್ಕವಳಿದ್ದಾಗ ಬೇಡ್ಕೊಳ್ತಿದ್ದ ಅದೇ ದೇವರನ್ನೇ ಅಲ್ವಾ ಅಂತ ಕೇಳು.”

“ಇದೆಂಥಾ ಪ್ರಶ್ನೆ? ಅದೇ ದೇವರು. ಹೋಯ್ತಾ?”

“ನೀನು ಹೇಳಿದ್ರೆ ಆಗಲ್ಲ.”

“ಯಾಕೆ, ನಾನೇನು ದನ ಕಾಯ್ತಿದ್ನಾ?”

ಅಕ್ಕ ನಕ್ಕಳು. ನಗುವುದಕ್ಕೂ ಅವಳಿಗೆ ಉಸಿರು ಸಾಲುತ್ತಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕಿಟಕಿಯ ಕಡೆ ತಿರುಗಿ ಹೇಳಿದಳು. “ಅಮ್ಮ ಆ ಕಡೆಯಿಂದ ಹೋದಳು. ನಾನು ಈ ಕಡೆಯಿಂದ ಹೋಗ್ತಾ ಇದ್ದೀನಿ. ದೇವರು ಬೇರೆ ಬೇರೆ ಆಗಿದ್ರೆ ಅಮ್ಮ ನನಗೆ ಸಿಗಲ್ಲ ಅಲ್ವೇನೋ. ಅಮ್ಮನ ಕಲ್ಲು ಕೆತ್ತಿದ್ದು ಅಪ್ಪ. ಅವಳನ್ನ ಯಾರ ಹತ್ರ ಕಳಿಸಿದ ಅಂತ ಅವನಿಗೇ ಗೊತ್ತಿರೋದು. ಅವನು ಹೌದು ಅಂದ್ರೆ ನನಗೆ ಧೈರ್ಯ.”

ಹನ್ನೆರಡು ವರ್ಷಕ್ಕೆ ನನಗೆ ತಾಯಿಯಾದವಳು. ಹತ್ತೊಂಬತ್ತು ವರ್ಷ ಅಮ್ಮ ಬೇಕು ಅಂತ ಒಂದು ದಿನ ಬಾಯಿ ಬಿಟ್ಟವಳಲ್ಲ. ನಾನು ಅಲ್ಲಿ ನಿಲ್ಲಲಾರದೆ ಹೊರಗೆ ಬಂದು, ಮೆಟ್ಟಿಲಿನ ಕಂಬಿಗೆ ಕೈ ಗುದ್ದಿಕೊಂಡೆ.

ಅಂಗಡಿಗೆ ಹೋದೆ. ಅಪ್ಪ ಎಡಗಡೆ ಗೋಡೆಯವರೊಬ್ಬರ ಕಲ್ಲು ಕೆತ್ತುತ್ತಿದ್ದ, ಪೆನ್ಸಿಲ್ ಬಾಯಲ್ಲಿತ್ತು. ಎದುರು ನಿಂತು ಎಲ್ಲ ಹೇಳಿದೆ. ಅಮ್ಮನ ಬಗ್ಗೆ ಅವಳು ಅಂದಿದ್ದನ್ನೂ ಹೇಳಿದೆ. ಅಪ್ಪ ಉಳಿ ಕೆಳಗಿಟ್ಟ. ಪೆನ್ಸಿಲ್ ಕಿವಿಗೆ ಹೋಯಿತು. ಅಕ್ಕ ಇಲ್ಲದಿದ್ದರೂ ನನ್ನ ಕೈ ತಾನಾಗಿ ಬಿಗಿಯಾಯಿತು.

“ಅದೇ ದೇವರಾಗಿದ್ರೆ ಬಿಟ್ಟು ಹೋಗೋ ಅಗತ್ಯ ಏನಿತ್ತು ಅವಳಿಗೆ?” ಅಂದ.

“ಅವಳು ಬಿಡಲಿಲ್ಲ ಅಪ್ಪಾ. ನೀನು ಬಿಟ್ಟಿದ್ದು.”

“ನಾನು ಇದ್ದಲ್ಲೇ ಇದ್ದೀನಿ. ಇದೇ ದಿಮ್ಮಿ ಮುಂದೆ.”

“ಹೌದು ಅಂತ ಒಂದು ಮಾತು. ಸುಳ್ಳಾದ್ರೂ ಹೇಳು.”

“ದೇವರ ವಿಷಯದಲ್ಲಿ ಸುಳ್ಳು ಹೇಳಲಾ? ನಾನು ಓದಿದವನಲ್ಲ. ಫಾದರ್ ಹೇಳಲಿ, ಆಮೇಲೆ ನೋಡೋಣ.” ಪೆನ್ಸಿಲ್ ಮತ್ತೆ ಬಾಯಿಗೆ ಹೋಯಿತು.

ಚರ್ಚಿನಲ್ಲಿ ಪಾದ್ರಿಗಳು ಒಬ್ಬರೇ ಕುರ್ಚಿಗಳನ್ನು ಸಾಲಾಗಿ ಜೋಡಿಸುತ್ತಿದ್ದರು. ನಾನು ಅವರ ಜತೆ ಕುರ್ಚಿ ಎತ್ತುತ್ತಲೇ ಕೇಳಿದೆ.

“ಒಂದು ರೀತಿಯಲ್ಲಿ ಹೌದು” ಅಂದರು. “ಇನ್ನೊಂದು ರೀತಿಯಲ್ಲಿ ನೋಡಿದ್ರೆ...”

“ನನಗೆ ಒಂದು ರೀತಿ ಸಾಕು ಫಾದರ್.”

“ಅವಸರ ಮಾಡಬೇಡಪ್ಪ. ಅವರೂ ಅಬ್ರಹಾಮನ ದೇವರನ್ನೇ ಕರೀತಾರೆ, ನಾವೂ ಅವನನ್ನೇ ಕರೀತೀವಿ. ಆದರೆ ಕರೆಯೋದು ಒಬ್ಬನನ್ನೇ ಆದರೂ, ಅವನು ಎಂಥವನು ಅಂತ ತಿಳಿದಿರೋದು ಬೇರೆ ಬೇರೆ. ನಾವು ದೇವರಿಗೆ ಮಗ ಇದ್ದಾನೆ ಅಂತೀವಿ. ಅವರು ಇಲ್ಲ ಅಂತಾರೆ. ಸಣ್ಣ ವ್ಯತ್ಯಾಸ ಅಲ್ಲ ಇದು.”

“ಮಗ ಇದ್ದಾನೋ ಇಲ್ಲವೋ ಅಂತ ಜಗಳ ಆದ್ರೆ ತಂದೆ ಇಬ್ಬರಾಗಿಬಿಡ್ತಾರಾ? ನಮ್ಮಪ್ಪ ಆರು ವರ್ಷದಿಂದ ನನಗೆ ಮಗಳಿಲ್ಲ ಅಂತಿದ್ದಾನೆ. ಹಾಗಂತ ಅಕ್ಕನಿಗೆ ಅಪ್ಪ ಬೇರೆಯವನಾ?”

ಪಾದ್ರಿಗಳು ಎತ್ತಿದ ಕುರ್ಚಿ ಹಿಡಿದುಕೊಂಡೇ ನಿಂತರು. ಒಳ್ಳೆಯವರು ಅವರು, ಕಣ್ಣಲ್ಲಿ ನೀರೂ ಬಂತು. ಆದರೆ ಒಂದು ಚೀಟಿಯಲ್ಲಿ ‘ಹೌದು’ ಅಂತ ಬರೆದು ಕೊಡಿ ಅಂದರೆ, “ಇಂಥದನ್ನ ಚೀಟಿಯಲ್ಲಿ ಬರೆಯೋಕಾಗಲ್ಲ ಮಗೂ. ನಾನು ಬಂದು ಅವಳಿಗಾಗಿ ಪ್ರಾರ್ಥನೆ ಮಾಡ್ತೀನಿ” ಅಂದರು.

“ಯಾರಿಗೆ ಮಾಡ್ತೀರಿ? ಅವಳು ಮಾಡ್ತಿರೋನಿಗೇನಾ?” ಅಂದು ಬಂದುಬಿಟ್ಟೆ. ಹಾಗೆ ಅನ್ನಬಾರದಿತ್ತು. ಅಂದೆ.

ಮಸೀದಿಯಲ್ಲಿ ಮೌಲ್ವಿಗಳು ಕೈಕಾಲು ತೊಳೆಯುವ ಜಾಗದಲ್ಲಿ ಬಾಗಿ, ಸೋರುವ ನಲ್ಲಿಯೊಂದನ್ನು ಬಿಗಿ ಮಾಡುತ್ತಿದ್ದರು.

“ಎಲ್ಲರನ್ನ ಸೃಷ್ಟಿ ಮಾಡಿದವನು ಒಬ್ಬನೇ” ಅಂದರು. “ನಿಮ್ಮನ್ನ ಇನ್ನೊಬ್ಬ ಮಾಡಿದ ಅಂತ ನಾವು ಯಾವತ್ತೂ ಹೇಳಿಲ್ಲ.”

“ಹಾಗಾದ್ರೆ ಹೌದು?”

“ಹೌದು. ಆದ್ರೆ...”

“ಆ ‘ಆದ್ರೆ’ ಬಿಟ್ಟು ಹೇಳೋಕಾಗಲ್ವಾ ಮೌಲ್ವಿ ಸಾಹೇಬ್ರೇ?”

ಅವರು ನಕ್ಕರು. “ಅದನ್ನ ಬಿಟ್ರೆ ನಮ್ಮಂಥವರಿಗೆ ಕೆಲಸ ಏನಪ್ಪ ಉಳಿಯುತ್ತೆ?”

“ನಮ್ಮಮ್ಮ ಚರ್ಚಿನವಳಾಗಿ ಸತ್ತಳು. ಅಕ್ಕನಿಗೆ ಅಮ್ಮ ಸಿಗ್ತಾಳಾ?”

ನಗು ನಿಂತಿತು. ಅವರು ನಲ್ಲಿ ಬಿಟ್ಟು ಕೈ ಒರೆಸಿಕೊಂಡರು. “ಅದು ಅವನಿಗೇ ಗೊತ್ತು” ಅಂದರು. ನಲ್ಲಿ ಮತ್ತೆ ತೊಟ್ಟಿಕ್ಕತೊಡಗಿತು.

ಒಬ್ಬರಿಗೆ ‘ಇನ್ನೊಂದು ರೀತಿ’, ಇನ್ನೊಬ್ಬರಿಗೆ ‘ಆದ್ರೆ’. ನಾನು ಮೂರು ಬೀದಿ ಓಡಿ ಅಂಗಡಿಗೆ ಬಂದೆ.

“ಏನಂದ್ರು ಫಾದರ್?” ಅಪ್ಪ ಕೇಳಿದ. ಪೆನ್ಸಿಲ್ ಆಗಲೇ ಕಿವಿಯ ಮೇಲಿತ್ತು, ನನಗಾಗಿ ಕಾದಿದ್ದ ಅಂತ ಕಾಣುತ್ತದೆ.

“ಒಂದು ರೀತಿಯಲ್ಲಿ ಹೌದು ಅಂದ್ರು.”

“ಇನ್ನೊಂದು ರೀತಿಯಲ್ಲಿ?”

ನಾನು ನೀರಿನ ಬಕೆಟ್ಟನ್ನು ಒದ್ದೆ. ಅದು ಬಲಗಡೆ ಗೋಡೆಯವರೆಗೂ ಉರುಳಿತು. “ನಿನ್ನ ಮಗಳು ಸಾಯ್ತಿದ್ದಾಳೆ ಕಣಯ್ಯಾ! ಚಿಕ್ಕ ಮಗು ತರ ಅಮ್ಮ ಬೇಕು ಅಂತಿದ್ದಾಳೆ. ನಿನಗೆ ಇನ್ನೊಂದು ರೀತಿ ಬೇಕಾ?”

ಅಪ್ಪನ ಬಾಯಿ ತೆರೆಯಿತು. ಅವತ್ತು ಅವನು ಹೇಳಿಬಿಡುತ್ತಿದ್ದನೋ ಏನೋ. ಆದರೆ ನಾನು ಅವನನ್ನು ‘ಕಣಯ್ಯಾ’ ಅಂದಿದ್ದೆ, ಬಕೆಟ್ ಒದ್ದಿದ್ದೆ. ಅವನ ಮುಖ ಕಲ್ಲಾಯಿತು. ಬಗ್ಗಿ ಬಕೆಟ್ ಎತ್ತಿಟ್ಟು, ಪೆನ್ಸಿಲ್ ಬಾಯಿಗಿಟ್ಟುಕೊಂಡು ಕೂತ. ನನ್ನ ಸಿಟ್ಟು ಅವತ್ತು ಏನನ್ನು ಒಡೆಯಿತು ಅಂತ ನನಗೆ ಗೊತ್ತು. ಅದನ್ನು ಯಾರ ತಲೆಗೂ ಕಟ್ಟುವುದಿಲ್ಲ.

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಸುಳ್ಳನ್ನು ಜೋಡಿಸಿಕೊಂಡೆ. ಅಪ್ಪ ಅತ್ತ ಅಂದರೆ ಅವಳು ನಂಬುವುದಿಲ್ಲ. ನನ್ನ ಮಗಳು ಅಂದ ಅಂದರೆ ಸುತಾರಾಂ ನಂಬುವುದಿಲ್ಲ. ಅಪ್ಪ ಅಪ್ಪನ ಹಾಗೇ ಇರಬೇಕು, ಒರಟಾಗಿ.

“ಕೇಳಿದೆ” ಅಂದೆ. “ತಲೆ ಕೂಡ ಎತ್ತಲಿಲ್ಲ. ಕೆತ್ತುತ್ತಲೇ, ‘ಅದೇ ದೇವರು, ಇನ್ಯಾವನಿದ್ದಾನೆ, ಹೋಗಿ ಹೇಳು’ ಅಂದ.”

ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು. ಭಾವ ಅವಳ ಕಾಲಿನ ಹತ್ತಿರ ಕೂತು ಪಾದ ಉಜ್ಜುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಅವಳು ಕಣ್ಣು ತೆರೆಯದೆ ಕೇಳಿದಳು.

“ಪೆನ್ಸಿಲ್ ಎಲ್ಲಿತ್ತೋ?”

“ಕಿವಿ ಮೇಲೆ” ಅಂದೆ. ತಡವಾಗಿ ಅಂದೆ. ಕೆತ್ತುತ್ತಿರುವಾಗ ಕಿವಿಯ ಮೇಲೆ.

ಅಕ್ಕ ನಕ್ಕಳು. ನನ್ನ ಕೈ ಹುಡುಕಿ ಹಿಂಡಿದಳು. “ಬಂತು ಬಂತು” ಅಂದಳು. ಅಷ್ಟೇ. ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

ಎರಡು ದಿನದ ಮೇಲೆ, ಬಿಸಿಲು ಕಿಟಕಿಯಿಂದ ಹಾಸಿಗೆಯ ಅರ್ಧದವರೆಗೆ ಬಂದಿದ್ದಾಗ ಹೋದಳು. ಕೊನೆಯಲ್ಲಿ ಅವಳ ತುಟಿ ಆಡುತ್ತಿತ್ತು. ಯಾವ ಪ್ರಾರ್ಥನೆ ಅಂತ ಭಾವನಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಇಬ್ಬರೂ ಕಿವಿ ಹತ್ತಿರ ಹಿಡಿದೆವು. ಅವನಿಗೆ ಅವನದು ಕೇಳಿಸಿತಂತೆ. ನನಗೆ ನನ್ನದು.

ಮಸೀದಿಯ ಹಿಂದಿನ ಜಾಗದಲ್ಲಿ ಮಣ್ಣು ಮಾಡಿದೆವು. ಹೆಣ ಹೊತ್ತು ಹೋಗುವ ದಾರಿ ನಮ್ಮ ಅಂಗಡಿಯ ಮುಂದೆಯೇ. ಬಾಗಿಲು ಅರ್ಧ ಎಳೆದಿತ್ತು. ಒಳಗೆ ಸುತ್ತಿಗೆಯ ಸದ್ದು ಇರಲಿಲ್ಲ. ನಾನು ಅತ್ತ ನೋಡಲಿಲ್ಲ. ನೋಡಿದ್ದರೆ ಹೆಗಲು ಕೊಟ್ಟಿದ್ದನ್ನು ಬಿಟ್ಟು ಒಳಗೆ ನುಗ್ಗುತ್ತಿದ್ದೆ.

ಹನ್ನೊಂದು ದಿನವಾದ ಮೇಲೆ ಭಾವ ಕಾಗದ ಹಿಡಿದು ಅಂಗಡಿಗೆ ಬಂದ. ಹೊಸ್ತಿಲ ಹೊರಗೇ ನಿಂತ.

“ಮಾವಾ, ಊರಲ್ಲಿ ಬೇರೆ ಅಂಗಡಿ ಇಲ್ಲ” ಅಂದ. ಬಂದಿದ್ದಕ್ಕೆ ಕ್ಷಮೆ ಕೇಳುವವನ ಹಾಗೆ ಅಂದ.

ಅಪ್ಪ ಕೈ ಚಾಚಿ ಕಾಗದ ತೆಗೆದುಕೊಂಡ. ಕಲ್ಲು ಯಾವುದು ಅಂತ ಕೇಳಲಿಲ್ಲ. ಭಾವ ಹೋದ ಮೇಲೆ ಹಿತ್ತಲಿಗೆ ಹೋಗಿ, ಗೋಣಿ ಮುಚ್ಚಿಟ್ಟಿದ್ದ ಕಪ್ಪು ಕಲ್ಲನ್ನು ಹೊರಗೆ ಎಳೆದ. ಅದು ಅಮ್ಮನ ಕಲ್ಲಿನ ಜೋಡಿ ಕಲ್ಲು, ಒಂದೇ ಬಂಡೆಯಲ್ಲಿ ಸೀಳಿದ್ದು. ತನಗೇ ಅಂತ ಇಟ್ಟುಕೊಂಡಿದ್ದ. ಬದುಕಿದ್ದಾಗ ಒಂದು ಮಾತು ಕೊಡದವನು ಈಗ ಕಲ್ಲು ಕೊಡುತ್ತಾನಂತೆ ಅಂತ ಹಲ್ಲು ಕಚ್ಚಿದೆ.

ಕಾಗದ ಅಂಟಿಸಿ ಗುರುತು ಇಳಿಸಿಕೊಂಡೆವು. ಮೂರು ಸಾಲು, ಹಾವು ಹರಿದ ಹಾಗಿನ ಗೆರೆಗಳು. ಅಪ್ಪ ತುಂಬ ಹೊತ್ತು ನೋಡುತ್ತ ಕೂತ. ಆಮೇಲೆ ಎದ್ದು ಉಳಿಯನ್ನು ಸಾಣೆಗೆ ಹಿಡಿದ.

ಬಲಗಡೆ ಗೋಡೆಯ ಕಲ್ಲಿಗೆ ಅಪ್ಪ ಸಾಣೆ ಹಿಡಿದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಬಂದು ಕೂತು, ಪೆನ್ಸಿಲ್ ಕಿವಿಗೆ ಸಿಕ್ಕಿಸಿ, ನನ್ನನ್ನು ಕೇಳಿದ.

“ಇದರಲ್ಲಿ ದೇವರು ಅನ್ನೋದು ಯಾವುದು? ಆ ಮನೆಗೆ ಹೋಗಿ ಬರ್ತಿದ್ದವನು ನೀನು, ನಿನಗೆ ಗೊತ್ತಿರುತ್ತಲ್ಲ.”

ರಕ್ತ ತಲೆಗೇರಿತು. ಇದನ್ನು ಹದಿನೈದು ದಿನ ಮೊದಲು ಕೇಳಿದ್ದರೆ, ಈ ಉಳಿಯನ್ನು ಹೀಗೇ ಹಿಡಿದುಕೊಂಡು ಆಸ್ಪತ್ರೆಯ ಬಾಗಿಲಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದರೂ ಅಕ್ಕನಿಗೆ ಸಾಕಾಗುತ್ತಿತ್ತು. ಅವಳು ಪೆನ್ಸಿಲ್ಲನ್ನು ನೋಡಿಯೇ ತಿಳಿದುಕೊಳ್ಳುತ್ತಿದ್ದಳು. ಈಗ ದೇವರಿಗೆ ಸಾಣೆಯಂತೆ. ಯಾರು ನೋಡಬೇಕು ಇದನ್ನು? ದೇವರು ನೋಡಬೇಕಾ? ಅವನಿಗೇನು ಕಡಿಮೆಯಾಗಿತ್ತು? ಒಬ್ಬನೋ ಇಬ್ಬರೋ, ಅಕ್ಕನ ಹೆದರಿಕೆ ಕೇಳಿಯೂ ಸುಮ್ಮನಿದ್ದವನಿಗೆ ನಾನು ಮೊದಲ ಜಾಗ ಕೊಡಬೇಕಾ?

ನಾನು ಎರಡನೇ ಸಾಲಿನ ಮಧ್ಯಕ್ಕೆ ಬೆರಳಿಟ್ಟೆ. ಅಕ್ಕನ ಹೆಸರಿನ ಮೇಲೆ.

“ಇದು” ಅಂದೆ.

ಅಪ್ಪ ನನ್ನ ಬೆರಳನ್ನು ನೋಡಿದ, ನನ್ನ ಮುಖ ನೋಡಿದ. ಪೆನ್ಸಿಲ್ ಬಾಯಿಗೆ ಹೋಯಿತು. ಸುತ್ತ ಜಾಗ ಬಿಟ್ಟು, ಆ ಒಂದು ಪದವನ್ನು ಕೆತ್ತತೊಡಗಿದ. ಅಷ್ಟು ನಿಧಾನವಾಗಿ ಅವನು ಕೆತ್ತಿದ್ದನ್ನು ನಾನು ಕಂಡಿಲ್ಲ. ಎರಡು ಪೆಟ್ಟು ಹಾಕುವುದು, ಬೆರಳಲ್ಲಿ ಪುಡಿ ಒರೆಸುವುದು, ಬಗ್ಗಿ ಊದುವುದು. ಚಿಕ್ಕ ಮಗುವಿನ ಕಣ್ಣಿಗೆ ಬಿದ್ದ ಕಸ ಊದುವ ಹಾಗೆ ಊದುತ್ತಿದ್ದ. ನಾನು ಗೋಡೆಗೆ ಒರಗಿ ಒಳಗೊಳಗೇ ಗೆದ್ದೆ ಅಂದುಕೊಂಡೆ. ನೋಡು, ನಿನ್ನ ಕೈಯಿಂದಲೇ ಮಾಡಿಸಿದೆ. ಯಾರನ್ನು ಇಲ್ಲ ಅಂದೆಯೋ ಅವಳನ್ನು ದೇವರ ಜಾಗದಲ್ಲಿ ಇಟ್ಟು ಕೆತ್ತುತ್ತಿದ್ದೀಯ, ನಿನಗೇ ಗೊತ್ತಿಲ್ಲ.

ಮಧ್ಯಾಹ್ನ ದಾಟಿದ ಮೇಲೆ ಮುಗಿಯಿತು. ಅಪ್ಪ ಎದ್ದು ಮತ್ತೆ ಉಳಿಗೆ ಸಾಣೆ ಹಿಡಿದ. ಬಂದು ಕೂತು, ಉಳಿಯ ಮೊನೆಯನ್ನು ಮೊದಲ ಸಾಲಿನ ಒಂದು ಪದದ ಮೇಲೆ ಇಟ್ಟ. ಸರಿಯಾಗಿ ಅದೇ ಪದದ ಮೇಲೆ. ಭಾವ ಬಸ್ಸಿನ ಗಾಜಿನ ಮೇಲೆ ಮೊದಲು ಬರೆದು ತೋರಿಸಿದ್ದು.

“ಅಪ್ಪಾ...”

ಅವನು ಪೆನ್ಸಿಲ್ ತೆಗೆದ.

“ಅದು ಯಾವುದು ಅಂತ ನಿನಗೆ ಗೊತ್ತಾ?”

“ಇಪ್ಪತ್ತೆಂಟು ವರ್ಷದಿಂದ ಕೆತ್ತುತ್ತಾ ಇದ್ದೀನಿ. ಎಲ್ಲ ಕಲ್ಲಲ್ಲೂ ಬರೋದು ಇದೊಂದೇ. ಉಳಿದಿದ್ದೆಲ್ಲ ಬದಲಾಗುತ್ತೆ.” ಎರಡನೇ ಸಾಲಿನ ಕಡೆ ಗದ್ದ ಆಡಿಸಿದ. “ಅದನ್ನ ನಾನು ಯಾವ ಕಲ್ಲಲ್ಲೂ ನೋಡಿಲ್ಲ. ಅವಳ ಹೆಸರು ಆ ಕಡೆ ಯಾರಿಗೂ ಇಲ್ಲ. ನಾನಿಟ್ಟ ಹೆಸರು.”

“ಗೊತ್ತಿದ್ರೂ ಇಷ್ಟು ವರ್ಷ...”

“ಬೇಕಂತಲೇ ಸಾಣೆ ಹಿಡೀಲಿಲ್ಲ. ಮೊಂಡು ಉಳಿಯಲ್ಲೇ ಕೆತ್ತಿದೆ. ಬೇರೆಯವರ ದೇವರು ಅಂತ.” ಕಲ್ಲನ್ನೇ ನೋಡುತ್ತ ಹೇಳಿದ, ನನಗೆ ಹೇಳುವ ಹಾಗಿರಲಿಲ್ಲ.

“ಮತ್ತೆ ನಾನು ಸುಳ್ಳು ತೋರಿಸಿದಾಗ ಯಾಕೆ ಸುಮ್ನಿದ್ದೆ? ಹೆಸರನ್ನೇ ಮೊದಲು ಯಾಕೆ ಕೆತ್ತಿದೆ?”

“ನೀನು ತೋರಿಸಿದ್ಯಲ್ಲ” ಅಂದ.

ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಮಾಡುತ್ತ ಹೋದರು.

“ಹೌದು ಅಂದಿದ್ರೆ,” ಅಪ್ಪ ಶುರು ಮಾಡಿದ, ನಿಲ್ಲಿಸಿದ, ಮತ್ತೆ ಶುರು ಮಾಡಿದ. “ಅದೇ ದೇವರು ಹೌದು ಅಂದಿದ್ರೆ, ಅವಳು ಎಲ್ಲಿಗೂ ಹೋಗೇ ಇರಲಿಲ್ಲ ಅಂತ ಆಗ್ತಿತ್ತು. ಮೂರು ಬೀದಿ ಆಚೆ ಇದ್ದ ಮಗಳನ್ನ ಆರು ವರ್ಷ ನೋಡದೆ ಇದ್ದಿದ್ದು ಯಾತಕ್ಕೆ ಹಾಗಾದ್ರೆ? ಅದನ್ನ ಎಲ್ಲಿಡಲಿ ನಾನು?”

ನನ್ನ ಹತ್ತಿರ ಇಡುವ ಜಾಗ ಇರಲಿಲ್ಲ. ಕ್ಷಮಿಸಿದೆ ಅಂತ ಹೇಳುವಷ್ಟು ದೊಡ್ಡ ಮನಸ್ಸೂ ಇರಲಿಲ್ಲ.

“ಅವಳು ಮತ್ತೆ ಕೇಳಿದಳಾ?” ಅಪ್ಪ ಕೇಳಿದ.

“ನೀನು ಹೌದು ಅಂದೆ ಅಂತ ಹೇಳಿದೆ.”

ಅವನ ಮುಖ ಒಂದು ಕ್ಷಣ ಬೆಳಗಿತು. ಅದನ್ನು ನಾನು ನೋಡಿದೆ, ಅದನ್ನು ಹಾಗೇ ಬಿಡಬಹುದಿತ್ತು. ಇನ್ನೊಬ್ಬ ಮಗನಾಗಿದ್ದರೆ ಬಿಡುತ್ತಿದ್ದ.

“ನಂಬಲಿಲ್ಲ” ಅಂದೆ. “ಕೆತ್ತುತ್ತಾ ಹೌದು ಅಂದ ಅಂತ ಹೇಳಿಬಿಟ್ಟಿದ್ದೆ. ಪೆನ್ಸಿಲ್ ಎಲ್ಲಿತ್ತು ಅಂತ ಕೇಳಿದಳು.”

ಅಪ್ಪ ಕೈಯಲ್ಲಿದ್ದ ಪೆನ್ಸಿಲ್ ನೋಡಿಕೊಂಡ. ಹಲ್ಲಿನ ಗುರುತು ತುಂಬಿದ ಗಿಡ್ಡ ಪೆನ್ಸಿಲ್. ಬಾಯಿಗೂ ಇಡಲಿಲ್ಲ, ಕಿವಿಗೂ ಇಡಲಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡು, ಸದ್ದಿಲ್ಲದೆ ಅತ್ತ. ನಾನು ಹತ್ತಿರ ಹೋಗಲಿಲ್ಲ. ಬಾಗಿಲು ಪೂರ್ತಿ ಎಳೆದೆ, ಬೀದಿಯವರು ನೋಡಬಾರದು ಅಂತ. ಅಷ್ಟು ಮಾಡಿದೆ.

ಕಲ್ಲು ಮುಗಿಯಲು ಇನ್ನೂ ನಾಲ್ಕು ದಿನ ಹಿಡಿಯಿತು. ಕೈಗಾಡಿಯಲ್ಲಿ ಮೂವರೂ ತಳ್ಳಿಕೊಂಡು ಹೋದೆವು. ಗೇಟಿನ ಹತ್ತಿರ ಅಪ್ಪ ನಿಂತುಬಿಟ್ಟ. ಭಾವ, “ಬನ್ನಿ ಮಾವಾ” ಅಂದ. ಅಪ್ಪ ತಲೆ ಅಲ್ಲಾಡಿಸಿದ. “ನೀವು ನಿಲ್ಲಿಸಿ. ನೆಟ್ಟಗಿದೆಯಾ ಅಂತ ಇಲ್ಲಿಂದ ಹೇಳ್ತೀನಿ.”

ನಿಲ್ಲಿಸಿದೆವು. ಭಾವ ಮೊಣಕಾಲೂರಿ ಕೂತು ಅಕ್ಷರಗಳ ಮೇಲೆ ಬೆರಳು ಆಡಿಸಿದ. ಗ್ರೀಸ್ ಹೋಗದ ಅವನ ಉಗುರು ಎರಡನೇ ಸಾಲಿನ ಮಧ್ಯದಲ್ಲಿ ನಿಂತಿತು.

“ಹೆಸರು ಎಷ್ಟು ಚೆನ್ನಾಗಿ ಬಂದಿದೆ ನೋಡು” ಅಂದ.

ನಾನು ಗೇಟಿನ ಕಡೆ ತಿರುಗಿದೆ. ಅಪ್ಪ ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಎತ್ತಿ ಹಿಡಿದು ಕಲ್ಲಿನ ಓರೆ ಅಳೆಯುತ್ತಿದ್ದ. ಎಡಕ್ಕೆ ಒಂಚೂರು ಅಂತ ಕೈ ಮಾಡಿದ. ಸರಿಸಿದೆವು. ಇನ್ನೂ ಒಂಚೂರು. ಸರಿಸಿದೆವು. ಸಾಕು ಅಂತ ಅವನು ಹೇಳಲೇ ಇಲ್ಲ. ಕೈ ಹಾಗೇ ಎತ್ತಿಕೊಂಡು ನಿಂತಿದ್ದ.